ಇಮಾನ ಬಯಲಿನ ಹುಕುಂ

"ಕಾಲಾಗಿಂದು ಅಲ್ಲೇ ಬಿಟ್ಟು ಬರ್ರಿ ರಹಮಾನಸಾಬ್ರ. ನೆಲ್ಲು ಹರವೀನಿ."

ದೊಡ್ಡಬಸಪ್ಪ ಮಾಲಿಪಾಟೀಲರು ತಲೆ ಎತ್ತದೆಯೇ ಅಂದರು. ಹೇಳುವ ಅಗತ್ಯವೇನೂ ಇರಲಿಲ್ಲ. ರಹಮಾನಸಾಬ ಆಗಲೇ ಬಗ್ಗಿ, ತನ್ನ ಹೊಟ್ಟೆಯ ಜೊತೆ ತಾನೇ ಜಗಳ ಮಾಡುತ್ತಾ, ಬೂಟಿನ ಲಾಡಿ ಬಿಚ್ಚುತ್ತಿದ್ದ. ಹರವಿದ ಕಾಳಿನ ಹತ್ತಿರ ಮೆಟ್ಟು ಹಾಕಿಕೊಂಡು ಹೋಗುವವನು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಕಣದ ಸಿಮೆಂಟು ಹೆಂಚಿನಂತೆ ಕಾದಿತ್ತು. ಪಾಟೀಲರು ಬರಿಗಾಲಲ್ಲೇ ಸಾಲು ಎಳೆಯುತ್ತಾ ಕಾಳು ಹೊರಳಿಸುತ್ತಿದ್ದರು. ಎಪ್ಪತ್ತು ದಾಟಿದ ಮೈ, ಆದರೆ ಗಟ್ಟಿ ಜೀವ. ರಹಮಾನಸಾಬ ಅಂಗಾಲು ಸುಟ್ಟುಕೊಂಡು ಎರಡು ಹೆಜ್ಜೆ ಕುಣಿದು, ಕೊನೆಗೆ ಅಂಚಿನಲ್ಲಿದ್ದ ಖಾಲಿ ಚೀಲದ ಮೇಲೆ ಕೂತ. ಪತ್ತೇದಾರನಿಗೆ ಇರಬೇಕಾದ ಗತ್ತು ಅವನಿಗೆ ಯಾವತ್ತೂ ಬಂದದ್ದಿಲ್ಲ. ಮೂವತ್ತೊಂದು ವರ್ಷ ಲಿಂಗಸುಗೂರಿನ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದವನು ಅವನು. ನಿವೃತ್ತಿಯಾದ ಮೇಲೆ ಜನ ಮೊದಲು ಕಳೆದ ಕಾಗದ ಹುಡುಕಿಸಿದರು, ಆಮೇಲೆ ಕಳೆದ ಮನುಷ್ಯರನ್ನು ಹುಡುಕಿಸಿದರು. ಬೇಡ ಅನ್ನಲು ಬಾರದೆ ಪತ್ತೇದಾರನಾದ.

ಈ ಸಲ ಮಾತ್ರ ಯಾರೂ ಹೇಳಿ ಕಳಿಸಿರಲಿಲ್ಲ. ಒಂಬತ್ತು ದಿನದ ಹಿಂದೆ ಇದೇ ಬಯಲಿನ ಮೂಲೆಯ ಹಾಳು ಗೋದಾಮಿನಲ್ಲಿ, ಹಳೇ ಉರ್ದು ಕಾಗದ ಓದಿಕೊಡುತ್ತಿದ್ದ ಪೀರ್‌ಸಾಬ್ ತಲೆ ಒಡೆದು ಸತ್ತಿದ್ದರು. ಹೆಣದ ಪಕ್ಕ ಅವರ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಶಿಷ್ಯ ದಾನಿಷ್ ಈಗ ಜೈಲಿನಲ್ಲಿದ್ದ. ದಾನಿಷ್ ರಹಮಾನಸಾಬನ ತಂಗಿ ಶಾಹೀಸ್ತಾಳ ಒಬ್ಬನೇ ಮಗ. ಇಪ್ಪತ್ನಾಲ್ಕು ವರ್ಷ. ಹಿಡಿದ ದಿನದಿಂದ ಪೊಲೀಸರ ಮುಂದಿರಲಿ, ಹೆತ್ತ ತಾಯಿಯ ಮುಂದೆಯೂ ತುಟಿ ಬಿಚ್ಚಿರಲಿಲ್ಲ. ಆ ಮೌನವೇ ಅವನನ್ನು ಅರ್ಧ ಮುಗಿಸಿತ್ತು.

"ಚಾ ತರಸ್ಲೇನ್ರಿ?"

"ಬ್ಯಾಡ್ರಿ ಪಾಟೀಲ್ರ. ಒಂದು ಮಾತು ಕೇಳಾಕ ಬಂದೀನಿ. ಪೀರ್‌ಸಾಬ್ರ ಚಪ್ಪಲಿ ಎಲ್ಲಿ ಸಿಕ್ಕುವು, ಗೊತ್ತೇನು ನಿಮಗ?"

ಪಾಟೀಲರ ಕಾಲು ಕಾಳಿನಲ್ಲಿ ನಿಂತಿತು.

"ಇಲ್ಲೇ ಎಲ್ಲೋ ಬಯಲಾಗ ಬಿದ್ದಿದ್ದುವಂತ. ಜಗಳದಾಗ ಕಳಚಿರಬೇಕು ಅಂದ್ರು ಪೊಲೀಸ್ರು."

"ಬಿದ್ದಿದ್ದಿಲ್ರಿ. ಬಿಟ್ಟಿದ್ದುವು. ಜೋಡಿ ಜೋಡಿ, ಸಿಮೆಂಟಿನ ಈ ಅಂಚಿಗೆ. ನಾ ಈಗ ಬೂಟು ಬಿಟ್ಟೀನಲ್ಲ, ಹಂಗ."

ಪಾಟೀಲರು ಬೂಟಿನ ಕಡೆ ನೋಡಿದರು. ಅಷ್ಟೊತ್ತಿನವರೆಗೆ ಅವರ ಕಣ್ಣಿಗೆ ಆ ಬೂಟು ಬಿದ್ದೇ ಇರಲಿಲ್ಲ. ಹುಟ್ಟಿದಾಗಿನಿಂದ ಕಣದ ಅಂಚಿನಲ್ಲಿ ಬಿಟ್ಟ ಮೆಟ್ಟುಗಳನ್ನು ನೋಡಿಕೊಂಡೇ ಬೆಳೆದ ಕಣ್ಣು. ಕೊಂದವನು ಬೇರೆ ಊರಿನವನಾಗಿದ್ದರೆ ಪೀರ್‌ಸಾಬ್‌ರ ಚಪ್ಪಲಿಯನ್ನು ಮೊದಲು ಎತ್ತಿ ಕಾಲುವೆಗೆ ಎಸೆಯುತ್ತಿದ್ದ. ಇಲ್ಲಿಯವನಿಗೆ ಅದು ಕಾಣಲೇ ಇಲ್ಲ.

ಈ ಕಣ ನಿಜವಾಗಿ ರನ್‌ವೇ. ಎರಡನೇ ಮಹಾಯುದ್ಧದ ಕಾಲಕ್ಕೆ ಜಪಾನಿನವರು ಬಂದೇಬಿಡುತ್ತಾರೆಂಬ ಹೆದರಿಕೆಯಲ್ಲಿ, ಇಂಗ್ಲಿಷರ ಮಾತು ಕೇಳಿದ ನಿಜಾಮ ಸರ್ಕಾರ ಎರೆಹೊಲಗಳ ನಡುವೆ ಒಂದು ಮೈಲು ಉದ್ದಕ್ಕೆ ಮೊರಂ ಬಡಿದು ಸಿಮೆಂಟು ಹಾಸಿತ್ತು. ಅರವತ್ತೆರಡು ಮನೆಗಳ ಹೊಲ ಅದರಡಿಗೆ ಹೋಯಿತು. ತಮ್ಮ ಹೊಲದ ಮೇಲೆ ತಾವೇ ಕಲ್ಲು ಹೊತ್ತು ಹಾಕಿ ಆ ಜನ ಕೂಲಿ ತೆಗೆದುಕೊಂಡರು. ವಿಮಾನ ಇಳಿದದ್ದು ಬೆರಳೆಣಿಕೆಯಷ್ಟು. ಯುದ್ಧ ಮುಗಿಯಿತು, ಫೌಜು ಹೋಯಿತು, ನಿಜಾಮನೂ ಹೋದ, ಹೊಲ ಮಾತ್ರ ವಾಪಸ್ಸು ಬರಲಿಲ್ಲ. ಪಹಣಿಯಲ್ಲಿ 'ಸರ್ಕಾರಿ' ಎಂದು ಬಿತ್ತು. ಜನ ತಮ್ಮ ಬಾಯಲ್ಲಿ ವಿಮಾನವನ್ನು ಇಮಾನ ಮಾಡಿ, ಅದನ್ನು ಇಮಾನ ಬಯಲು ಎಂದು ಕರೆದು, ಮನೆಗೊಂದು ತುಂಡು ಹಂಚಿಕೊಂಡು, ಕಾಲುವೆ ನೀರು ಬಂದ ಮೇಲೆ ನೆಲ್ಲು ಒಣಗಿಸತೊಡಗಿದರು. ಎಂಬತ್ತು ವರ್ಷದಲ್ಲಿ ಆ ನೆಲ ಅವರಿಗೆ ಬಿಸಿಲೊಂದನ್ನು ಬಿಟ್ಟು ಬೇರೇನೂ ಕೊಡಲಿಲ್ಲ.

ಹೋದ ವರ್ಷ ಬಯಲಿಗೆ ಬೇಲಿ ಹಾಕಿ ಯಾವುದೋ ಕಂಪನಿಗೆ ಕೊಡುವ ಮಾತು ಬಂತು. ಅರವತ್ತೆರಡು ಮನೆಯವರು ಪಾಟೀಲರನ್ನು ಮುಂದೆ ಮಾಡಿಕೊಂಡು ಲಿಂಗಸುಗೂರಿನ ಕೋರ್ಟಿಗೆ ಹೋದರು. ಅವರ ಕೈಯಲ್ಲಿದ್ದದ್ದು ಒಂದೇ ಕಾಗದ: ಯುದ್ಧ ತೀರಿದ ಮೇಲೆ ಹೊಲ ಹೊಲದವರಿಗೆ ವಾಪಸ್ಸು ಎಂಬ ನಿಜಾಮ ಕಾಲದ ಉರ್ದು ಹುಕುಂ. ಬರುವ ಸೋಮವಾರ ಕೋರ್ಟಿನಲ್ಲಿ ಅದನ್ನು ಓದಿ, ಇದು ಖರೇ ಎಂದು ಹೇಳಬೇಕಾಗಿದ್ದವರು ಪೀರ್‌ಸಾಬ್.

"ಆ ಗುರುವಾರ ಈ ಬಯಲಾಗ ಯಾರ ನೆಲ್ಲು ಹರವಿತ್ತು ಪಾಟೀಲ್ರ?"

"ಭಾಳ ಮಂದಿದು ಇರ್ತೈತಿ."

"ಆ ದಿನ ಇದ್ದಿಲ್ಲ. ಎಲ್ಲಾರೂ ಹಿಂದಿನ ದಿನನ ಚೀಲ ತುಂಬಿ ಸಿಂಧನೂರು ಮಿಲ್ಲಿಗಿ ಕಳಿಸ್ಯಾರ. ಒಬ್ಬೊಬ್ಬರ ಮನಿಗೂ ಹೋಗಿ ಕೇಳೀನಿ. ಹರವಿದ್ದು ನಿಮ್ಮದೊಂದ. ಖಾಲಿ ಸಿಮೆಂಟಿನ ಮ್ಯಾಲ ಯಾರೂ ಚಪ್ಪಲಿ ಬಿಡಂಗಿಲ್ಲ. ಪೀರ್‌ಸಾಬ್ರು ನಿಮ್ಮ ನೆಲ್ಲಿನ ಹತ್ರ ಬಂದ್ರು, ಬಿಟ್ರು."

ಪಾಟೀಲರು ನಿಧಾನವಾಗಿ ಬಂದು ಎದುರಿಗೆ ಕೂತರು. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು.

"ಬಂದಿದ್ರು. ಇಲ್ಲ ಅನ್ನಂಗಿಲ್ಲ. ಎರಡು ಮಾತು ಆಡಿ ಗೋದಾಮಿನ ಕಡಿ ನಡಕೊಂತ ಹೋದ್ರು. ವಯಸ್ಸಾಗಿತ್ತು, ಚಪ್ಪಲಿ ಮರತಿರಬೇಕು. ಅಲ್ಲಿ ನಿಮ್ಮ ದಾನಿಷ್ ಇದ್ದ. ಮುಂದಿಂದು ನನಗ ಗೊತ್ತಿಲ್ಲ."

ರಹಮಾನಸಾಬ ಗೋದಾಮಿನ ಕಡೆ ನೋಡಿದ. ಮಾಳಿಗೆ ಬಿದ್ದ ಕಲ್ಲಿನ ಕಟ್ಟಡ. ಒಂದು ಕಾಲಕ್ಕೆ ವಿಮಾನದ ಪೆಟ್ರೋಲ್ ಪೀಪಾಯಿ ಇಡುತ್ತಿದ್ದ ಜಾಗ. ಇಲ್ಲಿಂದ ಅಲ್ಲಿಗೆ ಇನ್ನೂರು ಹೆಜ್ಜೆ. ನಡುವೆ ಬರೀ ಜಾಲಿ. ಮೇಕೆಗಳು ಕೂಡ ಆ ಕಡೆ ಯೋಚನೆ ಮಾಡಿ ಕಾಲಿಡುತ್ತವೆ.

"ಮಯ್ಯತ್ತಿಗೆ ಕಡೀ ಗುಸಲ್ ಸ್ನಾನ ಮಾಡಸೂ ಮುಂದ ಅವರ ಕಾಲು ತೊಳದಾವ ನಾನು," ರಹಮಾನಸಾಬನ ದನಿ ಸಣ್ಣಗಾಯಿತು. "ಮಕ್ಕಳಿಲ್ಲದ ಮನುಷ್ಯ, ಮತ್ತ್ಯಾರು ತೊಳೀಬೇಕು? ಬೆರಳು ಬೆರಳು ಬಿಡಿಸಿ ತೊಳದೀನಿ. ಎಂಬತ್ತು ವರ್ಷದ ಮೆತ್ತನ ಅಂಗಾಲು. ಒಂದು ಮುಳ್ಳಿಲ್ಲ, ಒಂದು ಗೀರಿಲ್ಲ. ಅವರು ಆ ಜಾಲಿಯಾಗ ನಡದಿಲ್ಲ ಪಾಟೀಲ್ರ. ಯಾರೋ ಹೊತ್ತುಕೊಂಡು ಹೋಗ್ಯಾರ."

ಪಾಟೀಲರು ಪಂಚೆಯ ಅಂಚನ್ನು ಕೆಳಗೆ ಎಳೆದುಕೊಂಡರು. ಅವರ ಮೀನಖಂಡದ ಮೇಲೆ ಒಣಗಿದ ಗೀರುಗಳು ಗೆರೆ ಗೆರೆಯಾಗಿ ಎದ್ದಿದ್ದವು. ಅದನ್ನು ರಹಮಾನಸಾಬ ಬಂದ ಕೂಡಲೇ ನೋಡಿದ್ದ. ಗೆದ್ದೆ ಎಂದು ಅವನಿಗೆ ಅನ್ನಿಸಬೇಕಿತ್ತು. ಆದರೆ ಈ ಮನುಷ್ಯನ ಮನೆಯಲ್ಲಿ ಎಷ್ಟೋ ಸಲ ರೊಟ್ಟಿ ತಿಂದವನು ಅವನು, ಸಂಕಟವೇ ಆಯಿತು.

"ಯಾಕಂತನೂ ಗೊತ್ತೈತಿ ನನಗ," ಎಂದು ಕಿಸೆಯಿಂದ ಮಡಚಿದ ಜೆರಾಕ್ಸ್ ತೆಗೆದು ಚೀಲದ ಮೇಲೆ ಹರಡಿದ. "ಈ ಹುಕುಂ. ನಿಮ್ಮ ವಕೀಲರ ಹತ್ರ ಇಸಗೊಂಡೆ. ಇಲ್ಲಿ ಇಸವಿ ನೋಡ್ರಿ. ಸನ್ ಒಂದು ಸಾವಿರದ ಮುನ್ನೂರಾ ಅರವತ್ತೆರಡು, ಫಸಲಿ. ನಿಜಾಮನ ಕಂದಾಯದ ಕಾಗದಕ್ಕೆಲ್ಲಾ ಫಸಲಿ ಇಸವಿನ, ಅದು ಸರಿ. ಆದ್ರ ಫಸಲಿ ಅರವತ್ತೆರಡು ಅಂದ್ರ ನಮ್ಮ ಲೆಕ್ಕದಾಗ ಸಾವಿರದ ಒಂಬೈನೂರಾ ಐವತ್ತೆರಡು. ನಿಜಾಮನ ರಾಜ್ಯ ಮುಳುಗಿ ನಾಕು ವರ್ಷ ಆಗಿತ್ತು. ಇಲ್ಲದ ಸರ್ಕಾರ ಹುಕುಂ ಹೆಂಗ ಬರೀತು?"

ಪಾಟೀಲರು ಕಾಗದ ನೋಡಲೇ ಇಲ್ಲ.

"ಬರದಾವ ನಲವತ್ತಮೂರನೇ ಇಸವಿ ಹಾಕಾಕ ಹೋಗ್ಯಾನ. ಹಿಜರಿ ಲೆಕ್ಕದಾಗ ಅದು ಮುನ್ನೂರಾ ಅರವತ್ತೆರಡ. ಆ ಅಂಕಿ ತಂದು ಫಸಲಿ ಅಂತ ಬರದುಬಿಟ್ಟಾನ. ಹಬ್ಬದ ಪಂಚಾಂಗದ ಇಸವಿ ಹೊಲದ ಕಾಗದಕ್ಕ ಹತ್ತಿ ಕೂತೈತಿ. ಕೋರ್ಟಿನಾಗ ಯಾರಿಗೂ ತಿಳೀತಿದ್ದಿಲ್ಲ. ಪೀರ್‌ಸಾಬ್ರಿಗಿ ಮಾತ್ರ ತಿಳೀತು."

"ತಿಳೀತು," ಎಂದರು ಪಾಟೀಲರು.

ಅವರ ಮಾತಿನಲ್ಲಿ ತಪ್ಪಿಸಿಕೊಳ್ಳುವ ಆಟ ಮುಗಿದಿತ್ತು.

"ಖರೇ ಹುಕುಂ ಇತ್ತು ರಹಮಾನಸಾಬ್ರ. ನಮ್ಮಪ್ಪನ ಪೆಟಗಿಯಾಗ ನಾ ನನ್ನ ಕೈಯಾರೆ ಮುಟ್ಟೀನಿ. ಗೆದ್ದಲ ತಿಂತು. ಪೆಟಗಿ ತಗದ್ರ ಹಿಡಿ ಮಣ್ಣು. ಅದರಾಗ ಏನಿತ್ತೋ ಅದನ್ನ ಇದರಾಗ ಬರಸೀವಿ, ಒಂದು ಅಕ್ಷರ ಹೆಚ್ಚಿಲ್ಲ. ಸುಳ್ಳು ಕಾಗದ, ಖರೇ ಮಾತು. ಇದನ್ನ ಯಾವ ಜಡ್ಜ್‌ಗಿ ಹೇಳಲಿ?"

"ಪೀರ್‌ಸಾಬ್ರಿಗಿ ಹೇಳಿದ್ರಿಲ್ಲ?"

"ಹೇಳಿದೆ. ಕೈ ಮುಗದೆ. 'ನಾ ಅರವತ್ತು ವರ್ಷ ಇದ್ದದ್ದು ಇದ್ದಂಗ ಓದೀನಿ ದೊಡ್ಡಬಸು, ಸೋಮವಾರನೂ ಹಂಗ ಓದ್ತೀನಿ' ಅಂದ್ರು. ಎದ್ದ್ರು. ನಾ ಕೈ ಹಿಡದೆ. ಕೊಸರಿಕೊಂಡ್ರು. ನೆಲ್ಲಿನ ಮ್ಯಾಲ ಕಾಲು ಜಾರಿತು..."

ಅವರು ಸಿಮೆಂಟಿನ ಅಂಚಿಗೆ ನೆಟ್ಟಿದ್ದ ಗಡಿಕಲ್ಲಿನ ಕಡೆ ಗದ್ದ ಎತ್ತಿ ತೋರಿಸಿದರು. ಅಂಗೈ ಅಗಲದ ಹಳೇ ಕಲ್ಲು. ಯಾರೋ ಚೆನ್ನಾಗಿ ತೊಳೆದಿದ್ದರು; ಬಯಲಿನ ಬೇರೆ ಯಾವ ಕಲ್ಲೂ ಅಷ್ಟು ಬೆಳ್ಳಗಿರಲಿಲ್ಲ.

"ಎತ್ತಿಕೊಂಡ್ರ ಒಣ ಕಟ್ಟಿಗಿಯಂಗ ಹಗುರಿದ್ರು," ಎಂದರು ಪಾಟೀಲರು, ಮತ್ತು ಅಳತೊಡಗಿದರು. ಶಬ್ದವಿಲ್ಲದೆ, ಗಂಡಸರು ಬಯಲಲ್ಲಿ ಅಳುವ ಹಾಗೆ.

ದಾನಿಷ್‌ನ ಮುಖ ಕಣ್ಣ ಮುಂದೆ ಬಂದು ರಹಮಾನಸಾಬನ ಮನಸ್ಸು ಗಟ್ಟಿಯಾಯಿತು. "ಒಂಬತ್ತು ದಿನ ಆತು ಪಾಟೀಲ್ರ. ನನ್ನ ತಂಗಿ ಮಗ ನಿಮ್ಮ ಬದಲಿ ಕೂತಾನ. ಏಳ್ರಿ, ಠಾಣೆಗಿ ಹೋಗೂಣು."

"ಬರ್ತೀನಿ. ಸೋಮವಾರ ಕೋರ್ಟ್ ಒಂದು ಮುಗೀಲಿ. ನಾನ ಬಂದು ಕೈ ಒಡ್ಡತೀನಿ, ಆಣಿ ಮಾಡಿ ಹೇಳ್ತೀನಿ. ಎರಡು ದಿನ ಈ ಕಾಗದದ ಮಾತು ಯಾರ ಮುಂದನೂ ಎತ್ತಬ್ಯಾಡ್ರಿ. ಅರವತ್ತೆರಡು ಮನಿ ಐತಿ."

"ತಡ ಆತು. ಮುಂಜಾನೆನ ಠಾಣೆಗಿ ಹೋಗಿ ಕೊಟ್ಟು ಬಂದೀನಿ."

ಪಾಟೀಲರಿಗೆ ಮೊದಲು ಅರ್ಥವೇ ಆಗಲಿಲ್ಲ.

"ಏನು ಕೊಟ್ರಿ?"

"ಹುಕುಮಿನ ಇನ್ನೊಂದು ಜೆರಾಕ್ಸ್, ಅದರ ಜೋಡಿ ನನ್ನ ಹೇಳಿಕೆ. ಈ ಕಾಗದ ಖೊಟ್ಟಿ, ಹೆಂಗ ಖೊಟ್ಟಿ ಅಂತ ಫಸಲಿ ಲೆಕ್ಕ ಬಿಡಿಸಿ ಬರದೀನಿ. ಪೀರ್‌ಸಾಬ್ರು ಇದನ್ನ ಕೋರ್ಟಿನಾಗ ಬಯಲು ಮಾಡ್ತಿದ್ರು, ಅದಕ್ಕ ಇದನ್ನ ಬರದಾವನ ಅವರನ್ನ ಕೊಂದಾನ ಅಂತ ಬರದು ಸಹಿ ಹಾಕೀನಿ. ನಿಮ್ಮ ಹೆಸರು ಬರದಿಲ್ಲ. ನಿಮ್ಮ ಬಾಯಿಂದನ ಬರಲಿ ಅಂತ ನಿಮ್ಮ ಹತ್ರ ಬಂದೀನಿ. ಊರಾಗ ಉರ್ದು ಬರಿಯೂ ಹಿರೇರು ನೀವೊಬ್ರ ಉಳದೀರಿ."

"ಕೊಟ್ಟುಬಿಟ್ರಿ?" ಪಾಟೀಲರ ದನಿ ಒಡೆಯಿತು. "ಅರವತ್ತೆರಡು ಮನಿ ಹೊಲ, ಮುಂಜಾನಿ ಚಾ ಕುಡದು ಹೋಗಿ ಕೊಟ್ಟುಬಿಟ್ರಿ?"

"ನನಗ ಒಂದ ಮನಿ ಕಾಣತು ಪಾಟೀಲ್ರ. ಏನು ಮಾಡ್ಲಿ? ನನ್ನ ತಂಗಿ ಮನಿ."

ಪಾಟೀಲರು ಅವನನ್ನೇ ನೋಡಿದರು. ಆ ನೋಟದಲ್ಲಿದ್ದ ಸಿಟ್ಟು ನಿಧಾನವಾಗಿ ಕರಗಿ, ಅದರ ಜಾಗದಲ್ಲಿ ಮರುಕ ಬಂತು. ಆ ಮರುಕ ರಹಮಾನಸಾಬನಿಗೆ ಸಿಟ್ಟಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ರೆಕಾರ್ಡ್ ರೂಮಿನಾಗ ಮೂವತ್ತೊಂದು ವರ್ಷ ಕುಂತ ಮನಷ್ಯಾ ನೀವು. ಒಂದು ಮಾತು ಯಾಕ ಹೊಳೀಲಿಲ್ರಿ ನಿಮಗ? ನಮ್ಮಪ್ಪ ಈ ಊರಿನ ಮಾಲಿಪಾಟೀಲ. ಕಂದಾಯ ಎತ್ತಿದಾವ. ನನಗ ಮಗ್ಗಿಗಿಂತ ಮೊದಲ ಫಸಲಿ ಲೆಕ್ಕ ಕಲಿಸ್ಯಾನ. ಈ ಕಾಗದ ನಾ ಬರದಿದ್ರ ಇಸವಿ ತಪ್ಪತಿತ್ತೇನು?"

ರಹಮಾನಸಾಬ ಚೀಲದ ಮೇಲಿನ ಜೆರಾಕ್ಸನ್ನು ತನ್ನ ಕಡೆ ಎಳೆದುಕೊಂಡ.

"ನನಗ ಓದಾಕ ಬರ್ತೈತಿ, ಆ ಹಳೇ ಕೈ ಬರಿಯಾಕ ಬರಂಗಿಲ್ಲ. ಅದನ್ನ ಬರಿಯೂವ್ರು ಈ ಮೂರು ತಾಲೂಕಿನಾಗ ಇಬ್ಬರ ಇದ್ರು. ಪೀರ್‌ಸಾಬ್ರು ಒಬ್ರು. ಇನ್ನೊಬ್ಬ ಅವರ ಹತ್ರ ಮೂರು ವರ್ಷದಿಂದ ಕಲಿಯಾಕತ್ತಿದ್ದ. ಮದರಸಾದಾಗ ಓದಿದಾವ. ಹಿಜರಿ ಬಾಯಿಪಾಠ, ಫಸಲಿ ಇನ್ನೂ ಹೊಸದು."

"ಬ್ಯಾಡ್ರಿ," ಎಂದ ರಹಮಾನಸಾಬ.

"ಒಂದು ರೂಪಾಯಿ ಮುಟ್ಟಲಿಲ್ಲ ಅಂವ. ಅರವತ್ತೆರಡು ಮನಿ ಅಂದ ಕೂಡ್ಲೆ ಕಣ್ಣಾಗ ನೀರು ತಂದ. ಗುರುಗಳ ಟ್ರಂಕಿನಾಗಿನ ಹಳೇ ಖಾಲಿ ಕಾಗದ ತಾನ ತಂದು, ಇದ ಬಯಲಾಗ ಕುಂತು ಬರದ. ಆ ದಿನ ಗುರುಗಳನ್ನ ಹುಡುಕಿಕೊಂತ ಬಂದು ಹೆಣದ ಹತ್ರ ಸಿಕ್ಕುಬಿದ್ದ. ಈಗ ಯಾಕ ಬಾಯಿ ಬಿಡವಲ್ಲ ತಿಳೀತೇನು? ಒಂದು ಮಾತು ಆಡಿದ್ರ ಕಾಗದ ಹೊರಗ ಬರ್ತೈತಿ. ಸೋಮವಾರ ತನಕ ತಡದಿದ್ದ."

ಬಯಲು ಇದ್ದಲ್ಲೇ ಇತ್ತು. ನೆಲ್ಲು ಒಣಗುತ್ತಿತ್ತು. ರಹಮಾನಸಾಬ ಕಾಗದದ ಅಕ್ಷರಗಳನ್ನು ಮತ್ತೆ ನೋಡಿದ. ತಂಗಿ ಮಗನ ಕೈಬರಹವನ್ನು ಅವನು ಯಾವತ್ತೂ ಕಣ್ಣಿಟ್ಟು ನೋಡಿದವನಲ್ಲ. ಈಗಿನವರು ಬರೆಯುವುದೇ ಮೊಬೈಲಿನಲ್ಲಿ. ಸಾವಿರಾರು ಸತ್ತವರ ಕೈಬರಹ ಗುರುತಿಸುತ್ತಿದ್ದವನಿಗೆ ಮನೆಯ ಜೀವಂತ ಕೈ ಗುರುತು ಸಿಗಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬರೆದವನೇ ಕೊಂದವನು. ತನ್ನದೇ ವಾಕ್ಯ. ಕೆಳಗೆ ತನ್ನದೇ ಸಹಿ, ದಿನಾಂಕ, ಹುದ್ದೆ, ನಿವೃತ್ತ ಎಂಬ ಪದ ಸಮೇತ.

"ಇನ್ನೂ ಹೊತ್ತು ಮೀರಿಲ್ಲ," ಎಂದು ತಡವರಿಸಿದ. "ಅದು ದಾನಿಷ್‌ನ ಕೈ ಅಂತ ಪೊಲೀಸ್ರಿಗೆ ಗೊತ್ತಾಗಾಕ ಸಾಧ್ಯ ಇಲ್ಲ. ನೀವು ಈಗ ನನ್ನ ಜೋಡಿ ಬಂದು ಇದ್ದದ್ದು ಹೇಳಿದ್ರ..."

ಫೋನು ಬಡಿಯಿತು. ಇನ್‌ಸ್ಪೆಕ್ಟರ್. ಕಿವಿ ಮಂದವಾದ್ದರಿಂದ ರಹಮಾನಸಾಬ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವನು. ಹಾಗೇ ಒತ್ತಿದ.

"ಸಾಹೇಬ್ರ, ನಿಮಗ ಕೈ ಮುಗೀಬೇಕು!" ಇನ್‌ಸ್ಪೆಕ್ಟರ್ ಖುಷಿಯಲ್ಲಿದ್ದರು. "ಕೊಲೆಗೆ ಕಾರಣನ ಸಿಕ್ಕಿದ್ದಿಲ್ಲ ನಮಗ. ಆ ಹುಡುಗ ಗುರುನ್ನ ಯಾಕ ಹೊಡದ ಅಂತ ಜಡ್ಜ್ ಕೇಳಿದ್ರ ಹೇಳಾಕ ಏನೂ ಇದ್ದಿಲ್ಲ. ನೀವು ಎಲ್ಲಾ ಬಿಡಿಸಿ ಕೊಟ್ರಿ. ಸ್ವಂತ ಸೋದರಮಾವ ಆಗಿ ನ್ಯಾಯದ ಕಡಿ ನಿಂತ್ರಿ."

"ಸರ್, ಒಂದು ನಿಮಿಷ. ಅದು ದಾನಿಷ್ ಬರದಿದ್ದು ಅಂತ ನಾ ಹೇಳಿಲ್ಲ. ಯಾರು ಹೇಳಿದ್ರು ನಿಮಗ?"

"ಅವನ ತಾಯಿ. ಶಾಹೀಸ್ತಾ ಬೇಗಂ."

ರಹಮಾನಸಾಬ ಫೋನನ್ನು ಚೀಲದ ಮೇಲೆ ಇಟ್ಟುಬಿಟ್ಟ.

"ನೀವು ಹೋದ ಮ್ಯಾಲ ಬಂದಿದ್ರು, ಮಗನ ಸುದ್ದಿ ಕೇಳಾಕ. ಈ ಜೆರಾಕ್ಸ್ ಮೇಜಿನ ಮ್ಯಾಲ ಇತ್ತು. ಕೈಗೆತ್ತಿಕೊಂಡ್ರು. ನೀವು ಅವರಿಗೆ ಹೇಳಿದ್ರಂತಲ್ಲ, ಒಂದು ಕಾಗದ ಸಿಕ್ಕೈತಿ, ಅದ ನಿನ್ನ ಮಗನ್ನ ಬಿಡಿಸ್ತೈತಿ ಅಂತ? ಇದನ್ನ ನೋಡಿದ ಕೂಡ್ಲೆ ಮುಖ ಅರಳಿಬಿಡ್ತು. 'ಇದು ನನ್ನ ದಾನಿಷ್‌ದ ಕೈ, ಅಲಿಫ್ ಬೇ ತಿದ್ದಿಸಿದಾಕಿ ನಾನ, ಎಲ್ಲಿದ್ರೂ ಗುರುತು ಹಿಡೀತೀನಿ' ಅಂದ್ರು. ಬರದುಕೊಡ್ತೀರೇನವ್ವ ಅಂದೆ. ಕೂಡ್ಲೆ ಬರದು ಸಹಿ ಹಾಕಿ ಕೊಟ್ರು. ಮಗ ಸಂಜಿಗೆ ಬರ್ತಾನೇನ್ರಿ ಅಂತ ಕೇಳಿದ್ರು, ಪಾಪ. ನಾ ಏನೂ ಹೇಳಾಕ ಹೋಗಲಿಲ್ಲ. ಇನ್ನೂ ಹೊರಗ ಬೆಂಚಿನ ಮ್ಯಾಲ ಕುಂತಾರ. ನೀವ ಬಂದು ತಿಳಿಸಿ ಹೇಳ್ರಿ. ಮತ್ತ ಚಾರ್ಜ್‌ಶೀಟಿನಾಗ ಮೊದಲ ಸಾಕ್ಷಿ ನೀವು, ಎರಡನೇದು ಅವರು."

ಕರೆ ಕಟ್ಟಾಯಿತು.

ರಹಮಾನಸಾಬ ಪಾಟೀಲರ ಎರಡೂ ಕೈ ಹಿಡಿದುಕೊಂಡ. ಜೀವಮಾನದಲ್ಲಿ ಯಾರ ಮುಂದೆಯೂ ಹೀಗೆ ಬಾಗಿದವನಲ್ಲ. "ಏಳ್ರಿ ಅಣ್ಣಾರ. ನಿಮ್ಮ ಕಾಲಿಗಿ ಬೀಳ್ತೀನಿ. ಈಗ ನೀವು ಬಾಯಿ ಬಿಟ್ರ ಮಾತ್ರ ಅಂವ ಉಳೀತಾನ. ಕಾಗದಂತೂ ಹೋತು, ಇನ್ನ ಮುಚ್ಚಿಡಾಕ ಏನೈತಿ?"

ಪಾಟೀಲರು ಮೆಲ್ಲಗೆ ಕೈ ಬಿಡಿಸಿಕೊಂಡರು. ಕಣ್ಣು ಒಣಗಿದ್ದವು. ಅವರು ದೂರದಲ್ಲಿ ಊರಿನ ಕಡೆ, ಮನೆಗಳ ಕಡೆ ನೋಡುತ್ತಿದ್ದರು.

"ಸಂಜಿಗಿ ಅರವತ್ತೆರಡು ಮನಿಯವ್ರೂ ನನ್ನ ಬಾಗಿಲಿಗಿ ಬರ್ತಾರ. ಖೊಟ್ಟಿ ಕಾಗದ ಎಲ್ಲಿಂದ ತಂದಿ ಅಂತ ಕೇಳ್ತಾರ. ಆ ಹುಡುಗ ನನಗೂ ಮೋಸ ಮಾಡಿದ ಅಂದ್ರ ಹೊಲ ಹೋದ್ರೂ ಮಾನ ಉಳೀತೈತಿ. ನನ್ನ ಮೊಮ್ಮಕ್ಕಳು ಈ ಊರಾಗ ಬಾಳಬೇಕು ರಹಮಾನಸಾಬ್ರ."

"ಈಗ ನನ್ನ ಮುಂದ ನೀವ ಹೇಳಿದ್ರಿ. ಆಣಿ ಮಾಡ್ತೀನಿ ಅಂದ್ರಿ. ನನ್ನ ಕಿವಿಯಾರೆ ಕೇಳೀನಿ."

ದೊಡ್ಡಬಸಪ್ಪ ಮಾಲಿಪಾಟೀಲರು ಎದ್ದು ಪಂಚೆ ಝಾಡಿಸಿಕೊಂಡರು.

"ಸೋದರಮಾವ ನೀವು. ಅವನ್ನ ಉಳಿಸಾಕ ಏನು ಬೇಕಾದ್ರೂ ಹೇಳ್ತೀರಿ ಅಂತಾರ," ಎಂದರು, ದನಿಯಲ್ಲಿ ಸಿಟ್ಟಿಲ್ಲದೆ, ಬಹಳ ದಣಿದವರ ಹಾಗೆ. "ನಾ ನಿಮಗ ಏನೂ ಹೇಳಿಲ್ಲ."